ಜಿಎಂಆರ್‌ಟಿ ದತ್ತಾಂಶ ಎಂ.ಎಸ್ಸಿ. ಪ್ರಾಜೆಕ್ಟಿಗೆ ಬರಲಿ

ಮಾನ್ಯರೇ,

ಪುಣೆ ಜಿಲ್ಲೆಯ ಖೊಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 30 ಡಿಶ್‌ಗಳು ದಾಖಲಿಸಿದ ದತ್ತಾಂಶ, ವೀಕ್ಷಣೆ ನಡೆಸಿದವರ ಮೀಸಲು ಅವಧಿ ಮುಗಿದ ಬಳಿಕ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಅದರ 1420 ಮೆಗಾಹರ್ಟ್ಸ್ ರಿಸೀವರ್‌ಗಳನ್ನು ಕಟ್ಟಿಕೊಟ್ಟದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಭಾರೀ ನಕ್ಷತ್ರಗಳು ಹುಟ್ಟುವ ತಾಣಗಳ ಈ ದತ್ತಾಂಶವನ್ನು ನಮ್ಮ ವಿಶ್ವವಿದ್ಯಾಲಯಗಳು ಎಂ.ಎಸ್ಸಿ. ಭೌತವಿಜ್ಞಾನದ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿಗೆ ಬಳಸಬೇಕೆಂಬುದು ನಮ್ಮ ಒತ್ತಾಯ.

ಸೂರ್ಯನ ಎಂಟು ಪಟ್ಟಿಗೂ ಮಿಗಿಲಾದ ರಾಶಿಯ ನಕ್ಷತ್ರ ಸುತ್ತಲಿನ ಅನಿಲವನ್ನು ಇನ್ನೂ ಸೆಳೆದುಕೊಳ್ಳುತ್ತಿರುವಾಗಲೇ ಅದರ ಒಡಲಲ್ಲಿ ಹೈಡ್ರೋಜನ್ ಉರಿಯತೊಡಗುತ್ತದೆ. ದಟ್ಟ ದೂಳಿನಲ್ಲಿ ಹುದುಗಿರುವುದರಿಂದ ಬೆಳಕಿನ ದೂರದರ್ಶಕಕ್ಕೆ ಅದು ಕಾಣದು. ಆದರೆ ಅದರ ನೇರಳಾತೀತ ಕಿರಣಗಳು ಹತ್ತಿರದ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕಿ, ನಕ್ಷತ್ರದ ಸುತ್ತ ಅಂಥ ಅನಿಲದ ಮೋಡವೊಂದನ್ನು ಮಾಡುತ್ತವೆ; ಎಳೆಯದಾಗಿದ್ದಾಗ ಅದು ದಟ್ಟ, ಹಳೆಯದಾದಂತೆ ತೆಳು. ಆ ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳ ಪಕ್ಕದಲ್ಲಿ ಹಾದು ದಾರಿ ಬಾಗಿದಾಗ ರೇಡಿಯೊ ತರಂಗ ಹೊರಡುತ್ತದೆ. ಇದನ್ನು ದೂಳು ತಡೆಯಲಾರದು.

ನಕ್ಷೆಯಲ್ಲಿ ಹೆಚ್ಚು ಹೊಳೆಯುವುದೇ ಎಳೆಯ ಮೋಡ ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ. 0.1 ಪಾರ್ಸೆಕ್ (ಒಂದು ಪಾರ್ಸೆಕ್ ಎಂದರೆ ಸುಮಾರು 3.26 ಜ್ಯೋತಿರ್ವರ್ಷ) ಅಗಲದ, ಘನ ಸೆಂಟಿಮೀಟರಿಗೆ 10,000 ಎಲೆಕ್ಟ್ರಾನ್ ಇರುವ ಎಳೆಯ ಮೋಡ ಸುಮಾರು 1.7 ಗಿಗಾಹರ್ಟ್ಸ್‌ಗಿಂತ ಕೆಳಗೆ ತನ್ನ ತರಂಗಗಳನ್ನು ತಾನೇ ಹೀರಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ ಆವರ್ತನ ಅರ್ಧಕ್ಕಿಳಿದರೆ ಫ್ಲಕ್ಸ್ (ನಮಗೆ ತಲುಪುವ ರೇಡಿಯೊ ಪ್ರಖರತೆ) ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ ಒಂದೇ ಆವರ್ತನದ ನಕ್ಷೆ ಸಾಲದು. 610 ಮತ್ತು 1280 ಮೆಗಾಹರ್ಟ್ಸ್ ಎರಡೂ ಬೇಕು, ಜೊತೆಗೆ ಅಮೆರಿಕದ ರೇಡಿಯೊ ದೂರದರ್ಶಕ ವಿಎಲ್‌ಎಯಿಂದ 5 ಗಿಗಾಹರ್ಟ್ಸ್‌ನಲ್ಲಿ ನಡೆದ ಕಾರ್ನಿಶ್ ಸಮೀಕ್ಷೆಯ ಪಟ್ಟಿಯನ್ನೂ ನೋಡಬೇಕು.

ಕೆಲಸದ ಕ್ರಮ ಇದು: ಮೊಬೈಲ್, ವಿದ್ಯುತ್ ತಂತಿಗಳ ಗದ್ದಲ ಹೊಕ್ಕ ಭಾಗಗಳನ್ನು ತೆಗೆದುಹಾಕಿ, ಫ್ಲಕ್ಸ್ ಗೊತ್ತಿರುವ ಆಕಾಶಕಾಯಗಳಾದ 3ಸಿ286 ಅಥವಾ 3ಸಿ48ರಿಂದ ಫ್ಲಕ್ಸ್ ಅಳತೆ ಕೂಡಿಸಿ, ಅಳತೆ ಹೊಂದಿಸಲು ನೋಡುವ ಹತ್ತಿರದ ಆಕಾಶಕಾಯದಿಂದ (ಕ್ಯಾಲಿಬ್ರೇಟರ್) ಫೇಸ್, ಅಂದರೆ ತರಂಗದ ಹಂತ, ಸರಿಪಡಿಸಬೇಕು. ಆಮೇಲೆ ಸೆಲ್ಫ್ ಕ್ಯಾಲಿಬ್ರೇಷನ್, ಅಂದರೆ ಬಂದ ನಕ್ಷೆಯನ್ನೇ ಮಾದರಿಯಾಗಿಟ್ಟು ಮತ್ತೆ ತಿದ್ದುವುದು. ಮೊದಲ ಮೂರು ನಾಲ್ಕು ಸುತ್ತು ಫೇಸ್ ಮಾತ್ರ. ಅರೆಬರೆ ಮಾದರಿ ಇಟ್ಟುಕೊಂಡು ಆಂಪ್ಲಿಟ್ಯೂಡಿಗೆ (ತರಂಗದ ಎತ್ತರಕ್ಕೆ) ಕೈಹಾಕಿದರೆ ಹರಡಿಕೊಂಡ ಮಂದ ಭಾಗ ಕರಗಿಹೋಗುತ್ತದೆ. ಎರಡೂ ನಕ್ಷೆಗಳನ್ನು ಹೋಲಿಸುವ ಮುನ್ನ, ತರಂಗಾಂತರದ ಲೆಕ್ಕದಲ್ಲಿ ಒಂದೇ ವ್ಯಾಪ್ತಿಯ ಬೇಸ್‌ಲೈನ್ (ಎರಡು ಡಿಶ್‌ಗಳ ನಡುವಿನ ಅಂತರ) ಬಳಸಿ ಒಂದೇ ಬೀಮ್‌ಗೆ (ನಕ್ಷೆಯ ಸೂಕ್ಷ್ಮತೆಗೆ) ತರಬೇಕು. ಇಲ್ಲವಾದರೆ 1280ರಲ್ಲಿ ಅಗಲವಾದ ಭಾಗ ತಪ್ಪಿಹೋಗಿ ಇಲ್ಲದ ಸಿಂಕ್ರೊಟ್ರಾನ್ ವಿಕಿರಣ (ಕಾಂತಕ್ಷೇತ್ರದಲ್ಲಿ ಸುತ್ತುವ ಅತಿ ವೇಗದ ಎಲೆಕ್ಟ್ರಾನ್‌ಗಳದ್ದು) ಇದ್ದಂತೆ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಸಿಸ್ಟಂ ತಾಪದ (ಉಪಕರಣದ ಗದ್ದಲವನ್ನು ತಾಪದ ರೂಪದಲ್ಲಿ ಹೇಳುವ ಅಳತೆಯ) ತಿದ್ದುಪಡಿ. ಈ ಮೋಡಗಳಿರುವುದು ಆಕಾಶಗಂಗೆಯ ಸಮತಲದಲ್ಲಿ, ಅಲ್ಲಿ ಆಕಾಶವೇ ರೇಡಿಯೊದಲ್ಲಿ ಬಿಸಿ. ಫ್ಲಕ್ಸ್ ಕ್ಯಾಲಿಬ್ರೇಟರ್ ಇರುವುದು ಸಮತಲದಿಂದ ದೂರ. ಹೀಗಾಗಿ ಫ್ಲಕ್ಸ್ ನಿಜಕ್ಕಿಂತ ಕಡಿಮೆ ಬರುತ್ತದೆ, 610ರಲ್ಲಿ ಹೆಚ್ಚು, 1280ರಲ್ಲಿ ಅಲ್ಪ. 408 ಮೆಗಾಹರ್ಟ್ಸ್‌ನ ಪೂರ್ಣ ಆಕಾಶದ ನಕ್ಷೆಯಿಂದ ಆ ದಿಕ್ಕಿನ ತಾಪ ತೆಗೆದು, ಆವರ್ತನದ −2.55 ಘಾತದಿಂದ ನಮ್ಮ ಆವರ್ತನಕ್ಕೆ ತಂದು, ಸಿಸ್ಟಂ ತಾಪಕ್ಕೆ ಕೂಡಿಸಿ, ಬಂದದ್ದನ್ನು ಸಿಸ್ಟಂ ತಾಪದಿಂದ ಭಾಗಿಸಿ, ಆ ಅನುಪಾತದಿಂದ ನಕ್ಷೆಯನ್ನು ಗುಣಿಸಬೇಕು. ಇದನ್ನು ಬಿಟ್ಟರೆ ಹಳೆಯ, ತೆಳುವಾದ ಮೋಡವೂ ದಟ್ಟವಾದ ಎಳೆಯ ಮೋಡದಂತೆ ಲೆಕ್ಕಕ್ಕೆ ಸಿಗುತ್ತದೆ. ಪ್ರಾಜೆಕ್ಟಿನ ತೀರ್ಮಾನವೇ ತಲೆಕೆಳಗು.

ದೂರದ ವಿಷಯದಲ್ಲೂ ಎಚ್ಚರ ಬೇಕು. ಡಬ್ಲ್ಯು3(ಒಎಚ್) ಎಂಬ ನಕ್ಷತ್ರ ಹುಟ್ಟುವ ತಾಣ ಅನಿಲದ ವೇಗದ ಲೆಕ್ಕದಲ್ಲಿ ಸುಮಾರು 4.3 ಕಿಲೊಪಾರ್ಸೆಕ್ ದೂರದಲ್ಲಿತ್ತು. 2006ರಲ್ಲಿ ಅಲ್ಲಿನ ಮೆಥನಾಲ್ ಮೇಸರ್‌ಗಳ (ಲೇಸರ್‌ನಂತೆ ಪ್ರಖರವಾದ ರೇಡಿಯೊ ಬಿಂದುಗಳ) ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ಕಾಣುವ ಸ್ಥಾನಪಲ್ಲಟ) ಅಳೆದಾಗ ಅದು 1.95ಕ್ಕೆ ಇಳಿಯಿತು. ನಕ್ಷತ್ರದ ನೇರಳಾತೀತ ಫೋಟಾನ್‌ಗಳ ಎಣಿಕೆ ದೂರದ ವರ್ಗದಂತೆ ಏರುವುದರಿಂದ, ಈ ಒಂದು ತಪ್ಪೇ ಉತ್ತರವನ್ನು ಸುಮಾರು ಐದು ಪಟ್ಟು ಹಿಗ್ಗಿಸಿಬಿಡುತ್ತದೆ.

ದುಬಾರಿ ಪ್ರಯೋಗಾಲಯವೇನೂ ಬೇಡ. ಹಳೆಯ, ಕಿರಿದಾದ ಬ್ಯಾಂಡಿನ ದತ್ತಾಂಶ ಒಂದು ವೀಕ್ಷಣೆಗೆ ಕೆಲವೇ ಜಿಬಿ. ಲಿನಕ್ಸ್ ಇರುವ ಸಾಧಾರಣ ಕಂಪ್ಯೂಟರ್ ಮತ್ತು ಉಚಿತವಾಗಿ ಸಿಗುವ ಕಾಸಾ ತಂತ್ರಾಂಶ ಸಾಕು. ಅಗಲ ಬ್ಯಾಂಡಿನ ಹೊಸ ದತ್ತಾಂಶವನ್ನು ಕೈ ಪಳಗಿದ ಮೇಲೆ ನೋಡಿಕೊಳ್ಳಬಹುದು. ಅಧ್ಯಯನ ಮಂಡಳಿಗಳು ಪ್ರಾಜೆಕ್ಟ್ ವಿಷಯಗಳ ಪಟ್ಟಿಯಲ್ಲಿ ಇದನ್ನು ಸೇರಿಸಲಿ, ಮೂರನೇ ಸೆಮಿಸ್ಟರಿನಲ್ಲೇ ಕಾಸಾ ತರಬೇತಿಗೆ ಎರಡು ವಾರ ಮೀಸಲಿಡಲಿ.

— ಇಬ್ಬರು ಭೌತವಿಜ್ಞಾನ ಅಧ್ಯಾಪಕರು