ಇನ್ನು ಮುಂದೆ ಫೋನಿನಲ್ಲಿ ಚದರಡಿ ರೇಟು ಹೇಳುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಜಗಲಿ, ಸಿಟ್‌ಔಟ್, ಬಾಲ್ಕನಿಗೆ ಗ್ರಿಲ್, ಗಾಜು, ಶೀಟು ಹಾಕಿ ಮುಚ್ಚಿಸುವ ಕೆಲಸಕ್ಕೆ ಸಾಗರದ ನಮ್ಮ ವರ್ಕ್‌ಶಾಪಿನಲ್ಲಿ ಇನ್ನು ಮುಂದೆ ಫೋನಿನಲ್ಲಾಗಲಿ ವಾಟ್ಸಾಪ್ ಫೋಟೋ ನೋಡಿಯಾಗಲಿ ರೇಟು ಹೇಳುವುದಿಲ್ಲ. ಮನೆಗೆ ಬಂದು, ಅಳತೆ ತೆಗೆದು, ಚಿತ್ರ ಬರೆದು, ಒಟ್ಟು ಮೊತ್ತವನ್ನು ಕಾಗದದಲ್ಲಿ ಬರೆದುಕೊಡುತ್ತೇವೆ. ಬಂದು ನೋಡುವುದಕ್ಕೆ ಸಾಗರ ತಾಲೂಕಿನೊಳಗೆ 500 ರೂಪಾಯಿ. ಹೊಸನಗರ, ಸೊರಬ, ಸಿದ್ದಾಪುರದ ಕಡೆಗೆ 800. ಕೆಲಸ ನಮಗೇ ಕೊಟ್ಟರೆ ಈ ದುಡ್ಡು ಬಿಲ್ಲಿನಲ್ಲಿ ಕಳೆಯುತ್ತೇವೆ. ಕೊಡದಿದ್ದರೂ ಆ ಚಿತ್ರ, ಅಳತೆ ನಿಮ್ಮದೇ. ಬೇರೆ ಯಾವ ವರ್ಕ್‌ಶಾಪಿಗೆ ಬೇಕಾದರೂ ತೋರಿಸಿ, ನಮಗೆ ಬೇಸರವಿಲ್ಲ.

ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬಂದಿದೆ ಅಂತ ಗೊತ್ತು. "ಇಷ್ಟು ವರ್ಷ ಇಲ್ಲದ್ದು ಈಗೇನು ಮಾರಾಯ್ರೇ" ಅಂತ ಇಬ್ಬರು ಮೂವರು ಅಂಗಡಿಗೇ ಬಂದು ಕೇಳಿದರು. ಹಳೇ ಗಿರಾಕಿಗಳು ಕೇಳಿದ್ದಕ್ಕೆ ಬಾಯಿಮಾತಿನಲ್ಲಿ ಏನೋ ಹೇಳಿ ಕಳಿಸುವುದು ಸರಿಯಲ್ಲ. ಅದಕ್ಕೇ ಈ ಪತ್ರ.

ಕಳೆದ ಎರಡು ವರ್ಷದಲ್ಲಿ ನಾವು ಅತಿ ಹೆಚ್ಚು ಕೇಳಿದ ಮಾತು ಒಂದೇ: "ಫೋನಿನಲ್ಲಿ ಹೇಳಿದ್ದೇ ಒಂದು, ಬಿಲ್ಲು ಬಂದಿದ್ದೇ ಒಂದು." ಈ ಮಾತು ನಮಗೆ ತುಂಬಾ ನೋವು ಕೊಟ್ಟಿದೆ. ಯಾಕೆಂದರೆ ಅದು ಸುಳ್ಳಲ್ಲ. ಬಿಲ್ಲು ಬೇರೆಯೇ ಬಂದಿದೆ. ಆದರೆ ನಾವು ಆಸೆಗೆ ಬಿದ್ದು ಹಾಗೆ ಮಾಡಲಿಲ್ಲ. ಲೆಕ್ಕ ಬಿಡಿಸಿ ಹೇಳುತ್ತೇವೆ, ನೀವೇ ನೋಡಿ.

ಜಿ.ಐ. ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಬರುವುದು 20 ಅಡಿ ಉದ್ದದಲ್ಲಿ. ನಿಮ್ಮ ಜಗಲಿಯ ಕಿಂಡಿ ಆರೂವರೆ ಅಡಿ ಎತ್ತರ ಇದ್ದರೆ ಒಂದು ಪೈಪಿನಲ್ಲಿ ಮೂರು ನಿಲುವು (ನೆಟ್ಟಗೆ ನಿಲ್ಲಿಸುವ ತುಂಡು) ಸಿಗುತ್ತವೆ. ಉಳಿಯುವುದು ಅರ್ಧ ಅಡಿ. ಅದೇ ಏಳೂವರೆ ಅಡಿ ಇದ್ದರೆ ಒಂದು ಪೈಪಿನಲ್ಲಿ ಎರಡೇ ನಿಲುವು. ಐದು ಅಡಿ ತುಂಡು ಉಳಿಯುತ್ತದೆ. ಹನ್ನೆರಡು ನಿಲುವು ಬೇಕು ಅಂತಿಟ್ಟುಕೊಳ್ಳಿ. ಮೊದಲನೇ ಮನೆಗೆ 4 ಪೈಪು, ಎರಡನೇ ಮನೆಗೆ 6 ಪೈಪು. ಹತ್ತು ಅಡಿ ಅಗಲಕ್ಕೆ ಚದರಡಿ ಲೆಕ್ಕದಲ್ಲಿ ನೋಡಿದರೆ 65 ಇದ್ದದ್ದು 75 ಆಗಿದೆ, ಅಷ್ಟೇ. ಆದರೆ ನಿಲುವಿನ ಪೈಪಿನ ಖರ್ಚು ಒಂದೂವರೆ ಪಟ್ಟು. ಈಗ ಹೇಳಿ, ಎರಡೂ ಮನೆಗೆ ಒಂದೇ ಚದರಡಿ ರೇಟು ಹೇಗೆ ಹೇಳುವುದು? ಹೇಳಿದರೆ ಒಬ್ಬರಿಗೆ ಜಾಸ್ತಿ ತಗೊಂಡ ಹಾಗೆ, ಇಲ್ಲಾ ನಾವು ಕೈಯಿಂದ ಹಾಕಿದ ಹಾಗೆ. ಐದಡಿ ತುಂಡಿನಲ್ಲಿ ಕೆಲವು ಅಡ್ಡಪಟ್ಟಿಗೆ ಆಗುತ್ತವೆ, ನಿಜ. ಎಲ್ಲಾ ಆಗುವುದಿಲ್ಲ. ಆ ತುಂಡುಗಳನ್ನು ನಾವು ಒಯ್ದು ಇನ್ನೊಬ್ಬರಿಗೆ ಮಾರುತ್ತೇವೆ ಅನ್ನುವ ಮಾತೂ ಕಿವಿಗೆ ಬಿದ್ದಿದೆ. ಇನ್ನು ಮುಂದೆ ಉಳಿದ ತುಂಡನ್ನೆಲ್ಲ ನಿಮ್ಮ ಮನೆಯಲ್ಲೇ ಬಿಟ್ಟು ಬರುತ್ತೇವೆ. ಬಚ್ಚಲ ಒಲೆ ಪಕ್ಕಕ್ಕೋ ತೋಟದ ಗೇಟಿಗೋ ಉಪಯೋಗಕ್ಕೆ ಬಂದೀತು.

ಇನ್ನೊಂದು, ಹಳೇ ಮನೆಯ ಕಂಬ. ಫೋಟೋದಲ್ಲಿ ಎಲ್ಲಾ ಕಂಬವೂ ನೆಟ್ಟಗೇ ಕಾಣುತ್ತದೆ. ಹೋದ ಡಿಸೆಂಬರಿನಲ್ಲಿ ಆನಂದಪುರದ ಹತ್ತಿರ ಒಂದು ಮನೆಗೆ ಹೋಗಿದ್ದೆವು. ಹಲಸಿನ ಮರದ ಕಂಬಗಳು, ಕೈಯಾಡಿ ಆಡಿ ನುಣ್ಣಗಾಗಿ ಹೊಳೆಯುತ್ತಿದ್ದವು. ಕಂಬ ನೆಟ್ಟಗಿದೆಯಾ ಅಂತ ನೋಡಲು ನನ್ನ ತಮ್ಮ ತೂಗುಗುಂಡು ಇಳಿಬಿಟ್ಟ. ಗುಂಡು ಕೆಳಗೆ ಬರುವಷ್ಟರಲ್ಲಿ ಕಂಬದಿಂದ ಎರಡು ಬೆರಳು ದೂರ ನಿಂತಿತು. ಕಂಬದಿಂದ ಕಂಬಕ್ಕೆ ಮೇಲೆ 9 ಅಡಿ 11 ಇಂಚು, ಕೆಳಗೆ 10 ಅಡಿ ಒಂದೂವರೆ ಇಂಚು. ಅದರ ಮೇಲೆ ನೀರು ಹರಿದು ಹೋಗಲಿ ಅಂತ ನೆಲಕ್ಕೆ ಹೊರಮುಖವಾಗಿ ವಾಟ ಬೇರೆ ಕೊಟ್ಟಿದ್ದಾರೆ. ಇಂಥ ಕಡೆ ಚೌಕಟ್ಟನ್ನು ವರ್ಕ್‌ಶಾಪಿನಲ್ಲೇ ಮಾಡಿ ತಂದರೆ ಒಂದು ಮೂಲೆ ಕೂರುತ್ತದೆ, ಇನ್ನೊಂದು ಮೂಲೆ ಬಾಯಿ ಬಿಟ್ಟುಕೊಂಡಿರುತ್ತದೆ. ಕಂಬ ಕೆತ್ತುವುದಕ್ಕೆ ನಮಗೆ ಮನಸ್ಸು ಬರುವುದಿಲ್ಲ. ಪಟ್ಟಿ ಕೊಟ್ಟು, ಸಂದು ತುಂಬಿ, ಎರಡು ದಿನ ಜಾಸ್ತಿ ಕೆಲಸ ಮಾಡಿದೆವು. ಬಿಲ್ಲು ಹೆಚ್ಚಾಯಿತು, ಆ ಮನೆಯ ಯಜಮಾನರು ಬೇಜಾರು ಮಾಡಿಕೊಂಡರು. ಅವರದ್ದು ತಪ್ಪಲ್ಲ. ಮೊದಲೇ ನೋಡದೆ ರೇಟು ಹೇಳಿದ್ದು ನಮ್ಮ ತಪ್ಪು. ಅವರ ಹತ್ತಿರ ಕ್ಷಮೆ ಕೇಳಿದ್ದೇವೆ, ಇಲ್ಲೂ ಕೇಳುತ್ತೇವೆ.

ಟಫನ್ ಗಾಜಿನದ್ದಂತೂ (ಕಾಯಿಸಿ ಗಟ್ಟಿ ಮಾಡಿದ ಗಾಜು) ಇನ್ನೂ ಕಷ್ಟ. ಅದನ್ನು ಒಮ್ಮೆ ಟಫನ್ ಮಾಡಿದ ಮೇಲೆ ಕತ್ತರಿಸಲಾಗುವುದಿಲ್ಲ, ತೂತೂ ಹೊಡೆಯಲಾಗುವುದಿಲ್ಲ. ಹೊಡೆದರೆ ಇಡೀ ಗಾಜು ಸಕ್ಕರೆ ಹರಳಿನ ಹಾಗೆ ಉದುರುತ್ತದೆ. ಹೊರಗಡೆ ಅಳತೆ ಕೊಟ್ಟು ಮಾಡಿಸಿ ತರಬೇಕು. ಕಾಲು ಇಂಚು ತಪ್ಪಿದರೂ ಆ ಗಾಜು ಗುಜರಿಗೆ, ಖರ್ಚು ನಮ್ಮ ತಲೆಗೆ. ಇದರ ಜೊತೆಗೆ ನೂರಕ್ಕೆ 18 ಜಿಎಸ್‌ಟಿ. ಅದು ನಮ್ಮ ಜೇಬಿಗೆ ಹೋಗುವ ದುಡ್ಡಲ್ಲ. ಮಳೆ ಶುರುವಾದರೆ ಕರೆಂಟು ಇರುವುದಿಲ್ಲ, ಜನರೇಟರಿಗೆ ಡೀಸೆಲ್ಲು. ಇದನ್ನೆಲ್ಲ ಬಿಲ್ಲಿನಲ್ಲಿ ಬರೆದು ತೋರಿಸುವ ಅಭ್ಯಾಸ ನಮಗೆ ಇರಲಿಲ್ಲ. ಇನ್ನು ಮುಂದೆ ಸಾಮಾನು, ಕೂಲಿ, ಸಾಗಾಟ, ತೆರಿಗೆ ಎಲ್ಲಾ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇವೆ.

ಎರಡನೇ ಬದಲಾವಣೆ. 20 ಗೇಜಿನ ಪೈಪಿನಲ್ಲಿ ಜಗಲಿ ಗ್ರಿಲ್ ಮಾಡುವುದು ನಿಲ್ಲಿಸಿದ್ದೇವೆ. ಗೇಜು ಅಂದರೆ ಕೆಲವರು ನಂಬರು ಜಾಸ್ತಿ ಇದ್ದರೆ ಗಟ್ಟಿ ಅಂದುಕೊಂಡಿದ್ದಾರೆ. ಅದು ಉಲ್ಟಾ. 20 ಗೇಜು ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪ, 16 ಗೇಜು ಅಂದರೆ 1.6. ಬಣ್ಣ ಬಳಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಿಮಗೆ ಕಡಿಮೆ ರೇಟು ಹೇಳುವವರನ್ನು ಮೊದಲು ಇದನ್ನು ಕೇಳಿ. ತೆಳ್ಳಗಿನ ಪೈಪಿಗೆ ವೆಲ್ಡಿಂಗ್ ಮಾಡುವಾಗಲೇ ತೂತು ಬೀಳುತ್ತದೆ, ಅದನ್ನು ಮುಚ್ಚಿ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ತುಕ್ಕು. ಜಿ.ಐ. ಪೈಪಿನ ಮೇಲಿನ ಸತು ವೆಲ್ಡಿಂಗ್ ಕಾವಿಗೆ ಸುಟ್ಟು ಹೋಗುತ್ತದೆ. ಅದಕ್ಕೇ ತುಕ್ಕು ಯಾವಾಗಲೂ ಬೆಸುಗೆ ಹಾಕಿದ ಜಾಗದಿಂದಲೇ ಶುರುವಾಗುವುದು. ನಿಮ್ಮ ಗ್ರಿಲ್ ನೋಡಿಕೊಳ್ಳಿ, ಮೊದಲ ಕೆಂಪು ಕಲೆ ಅಲ್ಲೇ ಇರುತ್ತದೆ. ನಾವು ಬೆಸುಗೆ ಉಜ್ಜಿ, ಅದರ ಮೇಲೆ ಸತುವಿನ ಪ್ರೈಮರ್ ಎರಡು ಕೋಟ್ ಹಚ್ಚಿ, ಆಮೇಲೆ ಬಣ್ಣ ಹಾಕುತ್ತೇವೆ. ಇದಕ್ಕೆ ಒಂದು ದಿನ ಹಿಡಿಯುತ್ತದೆ. ಆ ಒಂದು ದಿನದ ಕೂಲಿಗೂ ಮಾತು ಕೇಳಿದ್ದೇವೆ.

ಮೂರನೇದು ಸ್ವಲ್ಪ ದೊಡ್ಡ ನಿರ್ಧಾರ. ಮಲೆನಾಡಿನ ಮನೆಯ ಜಗಲಿಗೆ ನೆಲದಿಂದ ಮಾಡಿನವರೆಗೆ ಪೂರ್ತಿ ಗಾಜು ಹಾಕುವ ಕೆಲಸ ಇನ್ನು ಒಪ್ಪಿಕೊಳ್ಳುವುದಿಲ್ಲ.

ಬೆಂಗಳೂರಿನ ಮನೆಗಳ ಫೋಟೋ ಕಳಿಸಿ "ಇದೇ ಥರ ಬೇಕು" ಅನ್ನುತ್ತೀರಿ. ಚಂದ ಇದೆ, ಇಲ್ಲ ಅನ್ನುವುದಿಲ್ಲ. ನಾವೂ ತಾಳಗುಪ್ಪದ ಕಡೆ ಒಂದು ಮನೆಗೆ ಹಾಗೆ ಮಾಡಿಕೊಟ್ಟಿದ್ದೆವು. ಜುಲೈನಲ್ಲಿ ಆ ಮನೆಯ ಅಜ್ಜಿ ಫೋನ್ ಮಾಡಿಸಿದರು. ಹೋಗಿ ನೋಡಿದರೆ ಗಾಜಿನ ಒಳಬದಿಯಲ್ಲಿ ನೀರು ಹನಿ ಹನಿಯಾಗಿ ಇಳಿಯುತ್ತಿದೆ. ಹಗ್ಗದ ಮೇಲೆ ಹರವಿದ ಬಟ್ಟೆ ನಾಲ್ಕು ದಿನದಿಂದ ಅಲ್ಲೇ ಇದೆ. ಗೋಡೆಯ ಮೂಲೆಗೆ ಕಪ್ಪು ಬೂಸ್ಟು. ಜಗಲಿಗೆ ತೆರೆದುಕೊಂಡಿದ್ದ ಎರಡು ಕೋಣೆಯ ಕಿಟಕಿಗೂ ಗಾಳಿಯಿಲ್ಲ. "ತಮ್ಮಾ, ಬಟ್ಟೆ ಒಣಗ್ತಿಲ್ಲ, ಉಸಿರು ಕಟ್ಟಿದ ಹಾಗಾಗ್ತದೆ. ಇದನ್ನ ತೆಗೆದುಕೊಡು" ಅಂದರು. ಮೇಲಿನ ಸಾಲಿನ ಗಾಜು ತೆಗೆದು ಜಾಲರಿ ಹಾಕಿದೆವು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಅಜ್ಜಿಯನ್ನು ಒಂದು ಮಾತೂ ಕೇಳದೆ, ಅವರ ಮಗ ಹೇಳಿದ್ದಕ್ಕೆ ತಲೆಯಾಡಿಸಿ ಕೆಲಸ ಮಾಡಿದ್ದೆವು. ದಿನವಿಡೀ ಜಗಲಿಯಲ್ಲಿ ಕೂರುವವರು ಅವರು.

ಹಾಗಾದರೆ ಏನು ಹಾಕಿಸಬೇಕು? ಮೊದಲು ನಿಮಗೆ ಕಾಟ ಯಾವುದು ಅಂತ ನೋಡಿಕೊಳ್ಳಿ. ಮಂಗವಾ, ಸೊಳ್ಳೆಯಾ, ಎರಚಲಾ, ಬಿಸಿಲಾ, ಕಳ್ಳರ ಭಯವಾ? ಒಂದೊಂದಕ್ಕೆ ಮದ್ದು ಬೇರೆ.

ಎರಚಲೇ ಕಾಟವಾದರೆ ಜಗಲಿ ಮುಚ್ಚುವ ಮೊದಲು ಸೂರು ನೋಡಿ. ಮಳೆ ಅರ್ಧಕ್ಕರ್ಧ ವಾರೆಯಾಗಿ, ಅಂದರೆ 45 ಡಿಗ್ರಿ ಓರೆಯಲ್ಲಿ ಹೊಡೆದರೆ, ಸೂರು ಎಷ್ಟು ಅಡಿ ಹೊರಗೆ ಚಾಚಿದೆಯೋ ಅಷ್ಟೇ ಅಡಿ ಕೆಳಗಿನವರೆಗೆ ಒಣಗಿರುತ್ತದೆ. ಒಂದೂವರೆ ಅಡಿ ಸೂರನ್ನು ಮೂರಕ್ಕೆ ಎಳೆದರೆ ಎಷ್ಟೋ ಮನೆಯಲ್ಲಿ ಬೇರೇನೂ ಬೇಡ. ನಮಗೆ ಅದರಲ್ಲಿ ಸಿಗುವ ದುಡ್ಡು ಕಡಿಮೆ, ಆದರೂ ಅದನ್ನೇ ಮೊದಲು ಹೇಳುತ್ತೇವೆ. ಪಡುವಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ ಜಗಲಿಗೆ ಅದೂ ಸಾಲದೆ ಹೋಗಬಹುದು. ಆಗ ಆ ಒಂದು ಬದಿಗೆ ಮಾತ್ರ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್) ಶೀಟು, ಉಳಿದ ಬದಿಗೆ ಗ್ರಿಲ್. ನಮ್ಮ ಹಿರಿಯರು ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟುತ್ತಿದ್ದದ್ದು ಗಾಳಿ ಬರುವ ಬದಿಗೆ ಮಾತ್ರ, ದೀಪಾವಳಿ ಹೊತ್ತಿಗೆ ಬಿಚ್ಚಿಡುತ್ತಿದ್ದರು. ಅದೇ ಲೆಕ್ಕದಲ್ಲಿ ಬಿಚ್ಚಿಡುವ ಫ್ರೇಮು ಮಾಡಿಕೊಡುತ್ತೇವೆ. ಅಡಿಕೆ ಸುಲಿಯುವ ಸಮಯದಲ್ಲಿ ಜಗಲಿ ಖುಲ್ಲಾ ಇರಬೇಕು ಅಲ್ವಾ? ಕೆಳಗೆ ವಾಟದ ನೀರು ಹೋಗುವುದಕ್ಕೆ ಅರ್ಧ ಇಂಚು ಸಂದು, ಮೇಲೆ ಮಾಡಿನ ಕೆಳಗೆ ಒಂದಡಿ ಜಾಲರಿ. ಈ ಎರಡು ಬಿಡದೆ ನಾವು ಯಾವ ಜಗಲಿಯನ್ನೂ ಮುಚ್ಚುವುದಿಲ್ಲ.

ಸೊಳ್ಳೆಗಾದರೆ ಜಾಲರಿ ಸಾಕು. ಮಂಗ ಬರುವ ಊರಿನಲ್ಲಿ ಬರೀ ಫೈಬರ್ ಜಾಲರಿ ನಿಲ್ಲುವುದಿಲ್ಲ, ಮರುದಿನವೇ ಹರಿದಿರುತ್ತದೆ. ಹೊರಗೆ ಗ್ರಿಲ್, ಒಳಗೆ ಸ್ಟೀಲ್ ಜಾಲರಿ ಬೇಕು. ಡೆಂಗಿ ಸೊಳ್ಳೆ ಹಗಲು ಹೊತ್ತಿನಲ್ಲೇ ಕಚ್ಚುತ್ತದೆ, ಹಾಗಾಗಿ ಜಾಲರಿ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಸ್ಪ್ರಿಂಗ್ ಹಾಕಿಸಿಕೊಳ್ಳಿ. ಅಂದಹಾಗೆ, ಜಾಲರಿ ಹಾಕಿದರೆ ಮಂಗನ ಕಾಯಿಲೆಯೂ ಬರುವುದಿಲ್ಲ ಅಂತ ನಾವು ಹೇಳಿದೆವು ಅಂತ ಸುದ್ದಿಯಾಗಿದೆ. ಹೇಳಿಲ್ಲ. ಅದು ಹರಡುವುದು ಉಣುಗಿನಿಂದ, ಸೊಳ್ಳೆಯಿಂದ ಅಲ್ಲ. ಸುಳ್ಳು ಭರವಸೆ ಕೊಟ್ಟು ಜಾಲರಿ ಮಾರುವವರಲ್ಲ ನಾವು.

ಪಾಲಿಕಾರ್ಬೊನೇಟ್ ವಿಷಯಕ್ಕೆ ಬಂದರೆ ನಮ್ಮದೇ ಒಂದು ದೊಡ್ಡ ತಪ್ಪು ಒಪ್ಪಿಕೊಳ್ಳಬೇಕು. ಈ ಶೀಟಿನ ಒಂದು ಬದಿಗೆ ಬಿಸಿಲು ತಡೆಯುವ ಯುವಿ ಪದರ ಇರುತ್ತದೆ. ಆ ಬದಿ ಹೊರಗೆ ಬರಬೇಕು. ಮೇಲಿನ ಪ್ಲಾಸ್ಟಿಕ್ ಹಾಳೆಯಲ್ಲಿ ಗುರುತು ಇರುತ್ತದೆ. ಎರಡು ಮನೆಯಲ್ಲಿ ನಮ್ಮ ಹುಡುಗರು ಹಾಳೆ ಮೊದಲೇ ಕಿತ್ತು, ಶೀಟು ತಿರುಗಿಸಿ ಹಾಕಿದ್ದರು. ಹಳದಿಯಾಯಿತು. ಇಬ್ಬರಿಗೂ ಹೊಸ ಶೀಟು ಹಾಕಿಕೊಟ್ಟಿದ್ದೇವೆ. ಹುಡುಗರನ್ನು ದೂರುವುದಿಲ್ಲ, ನಿಂತು ನೋಡಬೇಕಾದವನು ನಾನು. ಇನ್ನು ಮುಂದೆ ಕೊನೆಯ ಸ್ಕ್ರೂ ಬಿಗಿಯುವವರೆಗೆ ಹಾಳೆ ಕೀಳುವುದಿಲ್ಲ. ನೀವೇ ಗುರುತು ನೋಡಿ, ಆಮೇಲೆ ನಿಮ್ಮ ಕೈಯಿಂದಲೇ ಕೀಳಿಸುತ್ತೇವೆ.

"ಸ್ಕ್ರೂ ತೂತು ದೊಡ್ಡದಾಗಿದೆ, ಕೆಲಸ ನೀಟಾಗಿಲ್ಲ" ಅಂತಲೂ ದೂರು ಬಂದಿದೆ. ಅದು ಬೇಕಂತಲೇ ಮಾಡಿದ್ದು. ಹತ್ತಡಿ ಶೀಟು ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಕಾದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ತೂತು ಬಿಗಿಯಾಗಿದ್ದರೆ ಸ್ಕ್ರೂ ಸುತ್ತ ಬಿರುಕು ಬಿಡುತ್ತದೆ. ರಬ್ಬರ್ ವಾಷರ್ ಇರುವುದೇ ಆ ತೂತು ಮುಚ್ಚುವುದಕ್ಕೆ. ಮಧ್ಯಾಹ್ನ ಟಕ್ ಟಕ್ ಅಂತ ಸದ್ದು ಬಂದರೂ ಹೆದರಬೇಡಿ, ಶೀಟು ಹಿಗ್ಗುತ್ತಿದೆ ಅಷ್ಟೇ.

ಜೂನ್ 1ರಿಂದ ಸೆಪ್ಟೆಂಬರ್ ಕೊನೆಯವರೆಗೆ ಹೊಸ ಜಗಲಿ ಕೆಲಸ ಹಿಡಿಯುವುದಿಲ್ಲ. ಒದ್ದೆ ಕಬ್ಬಿಣಕ್ಕೆ ಬಣ್ಣ ಕಚ್ಚುವುದಿಲ್ಲ, ಒದ್ದೆ ನೆಲದಲ್ಲಿ ನಿಂತು ವೆಲ್ಡಿಂಗ್ ಮಾಡಿಸುವ ಧೈರ್ಯ ನಮಗಿಲ್ಲ. ಆದರೆ ಆ ನಾಲ್ಕು ತಿಂಗಳು ಮನೆ ನೋಡಲು ಬರುವುದಕ್ಕೆ ದುಡ್ಡು ಬೇಡ. ಮಳೆ ಹೊಡೆಯುವ ದಿನವೇ ಕರೆಯಿರಿ. ಕೆಂಪು ನೆಲದ ಮೇಲೆ ಒದ್ದೆ ಎಲ್ಲಿಗೆ ನಿಂತಿದೆ ಅಂತ ಕಣ್ಣಾರೆ ಕಂಡರೆ, ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು ಅಂತ ಲೆಕ್ಕ ಸುಲಭ. ಬಿಸಿಲಿನಲ್ಲಿ ಬಂದು ಊಹೆ ಮಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟೇ. ಅದು ಫೋನಿನಲ್ಲಿ ಹೇಳಿದ್ದಾದರೂ ಸರಿ, ಹೇಳಿದ ಮಾತಿಗೆ ಒಂದು ರೂಪಾಯಿ ಜಾಸ್ತಿ ಕೇಳುವುದಿಲ್ಲ. 20 ಗೇಜಿಗೆ ಒಪ್ಪಿಕೊಂಡಿದ್ದವರಿಗೆ 18 ಗೇಜು ಹಾಕುತ್ತೇವೆ, ವ್ಯತ್ಯಾಸ ನಮ್ಮದು. ನಾವು ಹಿಂದೆ ಹಾಕಿದ ಗ್ರಿಲ್‌ಗಳಲ್ಲಿ ಬೆಸುಗೆ ಹತ್ತಿರ ಕೆಂಪು ಕಲೆ ಬಂದಿದ್ದರೆ ದಸರಾ ಕಳೆದ ಮೇಲೆ ಹೇಳಿ. ಬಂದು ಉಜ್ಜಿ, ಪ್ರೈಮರ್ ಹಚ್ಚಿ ಹೋಗುತ್ತೇವೆ. ಬಣ್ಣದ ದುಡ್ಡು ಮಾತ್ರ ಕೊಡಿ.

ಹಗಲು ಮಿಷನ್ ಸದ್ದಿಗೆ ಫೋನು ಕೇಳಿಸುವುದಿಲ್ಲ, ಸಂಜೆ ಆರರ ಮೇಲೆ ಮಾಡಿ. ನಾನು ಇಲ್ಲದಿದ್ದರೆ ತಮ್ಮ ಎತ್ತುತ್ತಾನೆ. ಜಗಲಿ ಯಾವ ದಿಕ್ಕಿಗಿದೆ, ಅಲ್ಲಿ ದಿನವೂ ಕೂರುವವರು ಯಾರು ಅಂತ ಮೊದಲು ಕೇಳುತ್ತೇವೆ. ಇವೆರಡು ತಿಳಿದುಕೊಂಡು ಫೋನ್ ಮಾಡಿ.

ಇತಿ ನಿಮ್ಮವರು,
ವರ್ಕ್‌ಶಾಪಿನ ಅಣ್ಣತಮ್ಮಂದಿರು, ಸಾಗರ