ಸ್ಟೀರಿಂಗ್ ಮೇಲೆ ಕೈ ಇರಲಿ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಮೊನ್ನೆ ನಿನ್ನ ಜೊತೆ ಕಾರಿನಲ್ಲಿ ಬಂದಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಅದಕ್ಕೇ ಈ ಪತ್ರ.

ಹೆದ್ದಾರಿ ಸಿಕ್ಕಿದ ಕೂಡಲೇ ನೀನು ಕಾರು ತಾನೇ ಗೆರೆ ಹಿಡಿದು ಓಡುವಂತೆ ಮಾಡುವ ಆ ಬಟನ್ ಒತ್ತಿ ಎರಡೂ ಕೈ ತೊಡೆ ಮೇಲೆ ಇಟ್ಟುಕೊಂಡೆ. ಸ್ಟೀರಿಂಗ್ ತನ್ನಷ್ಟಕ್ಕೆ ಸಣ್ಣಗೆ ಅತ್ತಿತ್ತ ಆಡುತ್ತಿತ್ತು. ನಾನು ಗಾಬರಿಯಾದೆ. ನೀನು ನಕ್ಕು, "ದೊಡ್ಡಪ್ಪ, ಇನ್ನೂರು ಜನ ಕೂತ ವಿಮಾನವೇ ತಾನಾಗಿ ಹಾರುತ್ತೆ, ಈ ಕಾರು ಯಾವ ಲೆಕ್ಕ?" ಅಂದೆ. ಅಷ್ಟರಲ್ಲಿ ರಸ್ತೆ ಕೆಲಸ ನಡೆಯುತ್ತಿದ್ದ ಜಾಗ ಬಂತು. ಹಳೇ ಬಿಳಿ ಗೆರೆ ಅರ್ಧ ಅಳಿಸಿತ್ತು, ಪಕ್ಕದಲ್ಲೇ ಹೊಸದು. ಕಾರು ಹಳೇ ಗೆರೆ ಹಿಡಿದು, ರಸ್ತೆಗೆ ಅಡ್ಡ ಇಟ್ಟಿದ್ದ ಡ್ರಮ್ಮುಗಳ ಕಡೆ ಹೊರಟಿತು. ನೀನು ತಟ್ಟನೆ ತಿರುಗಿಸಿದೆ, ನಿಜ. ಆದರೆ ನಿನ್ನ ಕೈ ತೊಡೆಯಿಂದ ಸ್ಟೀರಿಂಗಿಗೆ ಹೋಗುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ವಿಮಾನದ ವಿಷಯ ನೀನು ಹೇಳಿದ್ದು ಸುಳ್ಳಲ್ಲ. 1914ರಲ್ಲೇ ಲಾರೆನ್ಸ್ ಸ್ಪೆರಿ ಎಂಬ ಹುಡುಗ ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಮೇಲೆ ಎರಡೂ ಕೈ ಎತ್ತಿ ವಿಮಾನ ಹಾರಿಸಿ ತೋರಿಸಿದ್ದ. 1965ರಲ್ಲಿ ಪ್ರಯಾಣಿಕರಿದ್ದ ಟ್ರೈಡೆಂಟ್ ವಿಮಾನ ಲಂಡನ್ನಿನಲ್ಲಿ ತಾನೇ ನೆಲ ಮುಟ್ಟಿತು. ಕಾರಿನ ಕಥೆ ನೋಡು. 2004ರಲ್ಲಿ ಅಮೆರಿಕದ ಮರುಭೂಮಿಯಲ್ಲಿ ಚಾಲಕರಿಲ್ಲದ ಗಾಡಿಗಳಿಗೆ ಪಂದ್ಯ ಇಟ್ಟರು. ದೂರ ಸುಮಾರು 240 ಕಿಲೋಮೀಟರ್. ಎಲ್ಲಕ್ಕಿಂತ ಮುಂದೆ ಹೋದ ಗಾಡಿಯೂ 12 ಕಿಲೋಮೀಟರ್ ಮುಟ್ಟುವ ಮೊದಲೇ ಸಿಕ್ಕಿಹಾಕಿಕೊಂಡಿತು. ಅಲ್ಲಿ ಅಡ್ಡ ಬರುವ ಜನರೂ ಇರಲಿಲ್ಲ!

ಯಾಕೆ ಹೀಗೆ? ಆಕಾಶವನ್ನು ವಿಮಾನಕ್ಕಾಗಿ ಖಾಲಿ ಮಾಡಿ ಇಟ್ಟಿದ್ದಾರೆ ಪುಟ್ಟಿ. ಒಂದರ ಮೇಲೊಂದು ಹಾರುವ ವಿಮಾನಗಳ ಮಧ್ಯೆ ಸಾವಿರ ಅಡಿ ಅಂತರ. ಕೆಳಗೆ ಕೂತವರು ರೇಡಾರಿನಲ್ಲಿ ಕಾಯುತ್ತಿರುತ್ತಾರೆ. ರಸ್ತೆಯನ್ನು ಯಾರು ಖಾಲಿ ಮಾಡಿಕೊಡುತ್ತಾರೆ? ಒಂದು ಚೆಂಡು ಉರುಳಿ ಬಂದರೆ ಹಿಂದೆಯೇ ಮಗು ಬರುತ್ತದೆ ಅಂತ ನಿನಗೆ ಗೊತ್ತು. ರಸ್ತೆ ದಾಟುವವರು ನಿನ್ನ ಮುಖ ನೋಡುತ್ತಾರೆ, ನೀನು ತಲೆ ಆಡಿಸುತ್ತೀಯ, ಆಮೇಲೆ ಅವರು ಹೆಜ್ಜೆ ಇಡುತ್ತಾರೆ. ಈ ಮೂಕಮಾತು ಯಂತ್ರಕ್ಕೆ ಬಹಳ ಕಷ್ಟ. 2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಒಬ್ಬ ಹೆಂಗಸು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಪರೀಕ್ಷೆಗೆ ಬಿಟ್ಟಿದ್ದ, ತಾನೇ ಓಡುವ ಕಾರು ಡಿಕ್ಕಿಗೆ ಐದು ಸೆಕೆಂಡಿಗೂ ಮೊದಲೇ ಅವರನ್ನು ಗುರುತಿಸಿತ್ತು. ಆದರೆ ಇದು ವಾಹನವೋ, ಸೈಕಲ್ಲೋ, ಇನ್ನೇನೋ ಅಂತ ತೀರ್ಮಾನ ಬದಲಿಸುತ್ತಲೇ ಹೋಯಿತು. ಚಾಲಕರ ಸೀಟಿನಲ್ಲಿದ್ದವರ ಕಣ್ಣು ಫೋನಿನ ಮೇಲಿತ್ತು. ಆ ಹೆಂಗಸು ಉಳಿಯಲಿಲ್ಲ.

ನನ್ನ ನಿಜವಾದ ಭಯ ಇದೇ. ಯಂತ್ರ ಕೈಬಿಡುವುದು ಕಷ್ಟದ ಗಳಿಗೆಯಲ್ಲಿ, ನಮ್ಮ ಗಮನ ಎಲ್ಲೋ ಇರುವಾಗ. 2009ರಲ್ಲಿ ಏರ್ ಫ್ರಾನ್ಸ್ ವಿಮಾನವೊಂದರ ವೇಗ ಅಳೆಯುವ ಕೊಳವೆಗೆ ಹಿಮ ಕಟ್ಟಿ, ವಿಮಾನವನ್ನು ತಾನೇ ಹಾರಿಸುವ ಯಂತ್ರ, ಅಂದರೆ ಆಟೋಪೈಲಟ್, ಆರಿಹೋಯಿತು. ಸಮುದ್ರಕ್ಕೆ ಬೀಳಲು ನಾಲ್ಕು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಆದರೂ ತರಬೇತಿ ಪಡೆದ ಪೈಲಟ್‌ಗಳಿಗೆ ಏನಾಗುತ್ತಿದೆ ಅಂತ ತಿಳಿಯದೆ 228 ಜನ ಹೋದರು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಿನ್ನ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಿನಗೆ ಸಿಗುವುದು ಒಂದೋ ಎರಡೋ ಸೆಕೆಂಡು, ಅಷ್ಟೇ ಅಲ್ವಾ?

ಆ ಬಟನ್ ಮುಟ್ಟಲೇಬೇಡ ಅನ್ನುತ್ತಿಲ್ಲ. ಒತ್ತು, ಆದರೆ ಕೈ ಸ್ಟೀರಿಂಗ್ ಮೇಲೇ ಇರಲಿ. ಗೆರೆ ಅಳಿಸಿದ ಕಡೆ, ಜೋರು ಮಳೆಯಲ್ಲಿ, ಎದುರು ಬಿಸಿಲಿನಲ್ಲಿ ಅದನ್ನು ಆರಿಸಿಬಿಡು. ನಿದ್ದೆ ಎಳೆದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಮಲಗು. ಕಾರು ನೋಡಿಕೊಳ್ಳುತ್ತದೆ ಅಂತ ಹೊರಡಬೇಡ. ಎಷ್ಟು ಹೊತ್ತಾದರೂ ಪರವಾಗಿಲ್ಲ, ತಲುಪಿದ ಮೇಲೆ ಒಂದು ಫೋನ್ ಮಾಡು. ನಾನು ಎದ್ದೇ ಇರುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಪ್ಪ