ಮ್ಯಾಟ್ ನೋಡಲು ಯಾರೂ ಬರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಮ್ಮ ಜಿಲ್ಲೆಯ ಹಳ್ಳಿ ಮಕ್ಕಳ ಕ್ರೀಡಾ ಪ್ರತಿಭೆಯನ್ನು ಗುರುತಿಸುವವರೇ ಇಲ್ಲ ಎಂದು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಓದಿ ಸ್ವಲ್ಪ ನಗು ಬಂತು. ನಮ್ಮ ಜೂಡೋದಲ್ಲಿ ತೊಂದರೆ ಅದಲ್ಲ. ಗುರುತಿಸುವವರು, ಅಂದರೆ ನಮ್ಮದೇ ಅಧಿಕೃತ ಸಂಸ್ಥೆ ಅನ್ನುವವರು, ಎರಡು ಗುಂಪು ಇದ್ದಾರೆ. ಇಬ್ಬರ ಹತ್ತಿರವೂ ಲೆಟರ್‌ಹೆಡ್ ಇದೆ, ದುಂಡು ಸೀಲು ಇದೆ. ಯಾವ ಸೀಲಿಗೆ ಬೆಲೆ ಅನ್ನುವುದು ಮಾತ್ರ ಮಗು ಗೆದ್ದು ಬಂದ ಆರು ತಿಂಗಳಿಗೆ ಗೊತ್ತಾಗುತ್ತದೆ.

ನಾನು ಚಿಕ್ಕಮಗಳೂರಿನಲ್ಲಿ ಟೈಲರ್. ಬ್ಲೌಸು, ಚೂಡಿದಾರ, ಶಾಲೆ ಯೂನಿಫಾರಂ ಹೊಲಿಯುತ್ತೇನೆ. ವಾರಕ್ಕೆ ಮೂರು ಸಂಜೆ ಅಂಗಡಿ ಶಟರ್ ಬೇಗ ಎಳೆದು ಮಕ್ಕಳಿಗೆ ಜೂಡೋ ಹೇಳಿಕೊಡುತ್ತೇನೆ. ಚಿಕ್ಕವಳಿದ್ದಾಗ ಕ್ರೀಡಾ ಹಾಸ್ಟೆಲಿನಲ್ಲಿ ಕಲಿತದ್ದು. ಬ್ಲ್ಯಾಕ್ ಬೆಲ್ಟ್ ಆಯಿತು, ಆಮೇಲೆ ಮದುವೆ ಆಯಿತು, ಬೆಲ್ಟ್ ಟ್ರಂಕಿನ ತಳಕ್ಕೆ ಹೋಯಿತು. 2011ರಲ್ಲಿ ಪಕ್ಕದ ಮನೆ ಹುಡುಗಿ ಬಂದು, ಕಾಲೇಜು ಬಸ್ಸಿನಲ್ಲಿ ಒಬ್ಬ ದಿನಾ ಮೈಮೇಲೆ ಬೀಳುತ್ತಾನೆ, ಏನಾದರೂ ಹೇಳಿಕೊಡಿ ಆಂಟಿ ಅಂದಳು. ಅವಳು, ಅವಳ ಇಬ್ಬರು ಗೆಳತಿಯರು. ಅಷ್ಟೇ ನಮ್ಮ ಕ್ಲಬ್. ಈಗ ಮೂವತ್ತೆಂಟು ಮಕ್ಕಳಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಹುಡುಗಿಯರು.

ಮೊದಲ ಎರಡು ವರ್ಷ ಮ್ಯಾಟ್ ಇರಲಿಲ್ಲ. ಪರಿಚಯದ ಬೆಳೆಗಾರರೊಬ್ಬರು ಖಾಲಿ ಬಿದ್ದಿದ್ದ ಕಾಫಿ ಗೋಡೌನ್ ಬಿಟ್ಟುಕೊಟ್ಟರು. ನೆಲಕ್ಕೆ ಒಂದಡಿ ಕಾಫಿ ಹೊಟ್ಟು ಹರಡಿ, ಮೇಲೆ ಟಾರ್ಪಾಲು ಬಿಗಿದು ಕಟ್ಟಿದೆವು. ಬಿದ್ದರೆ ಮೆತ್ತಗೇ ಇತ್ತು. ಆದರೆ ವಾರಕ್ಕೊಮ್ಮೆ ಹೊಟ್ಟು ಒಂದು ಮೂಲೆಗೆ ಸರಿದು ಗುಡ್ಡೆಯಾಗುತ್ತಿತ್ತು. ಗುದ್ದಲಿ ಹಿಡಿದು ಸಮ ಮಾಡಿ ಆಮೇಲೆ ಪಾಠ. ಮಕ್ಕಳು ಮನೆಗೆ ಹೋದರೆ ತಲೆಯೆಲ್ಲ ಹೊಟ್ಟಿನ ವಾಸನೆ. ಮೂರನೇ ವರ್ಷ ಚೀಟಿ ಎತ್ತಿ ಹಳೇ ಮ್ಯಾಟ್ ತಂದೆ. ಮನೆಯಲ್ಲಿ ಅದಕ್ಕಾದ ಜಗಳ ಇಲ್ಲಿ ಬೇಡ.

ಮ್ಯಾಟ್ ಬಂದ ಮೇಲೆ ಮಳೆ ಬಂತು. ನಮ್ಮೂರ ಮಳೆ ನಿಮಗೆ ಗೊತ್ತಲ್ವಾ. ಜುಲೈ, ಆಗಸ್ಟಿನಲ್ಲಿ ಗೋಡೆಯೇ ಬೆವರುತ್ತದೆ. ಮ್ಯಾಟ್ ಹಾಸಿದಲ್ಲೇ ಬಿಟ್ಟರೆ ನಾಲ್ಕು ದಿನಕ್ಕೆ ಅಡಿಯಲ್ಲಿ ಹಸಿರು ಬೂಷ್ಟು. ಅದಕ್ಕೇ ಪ್ರತಿ ರಾತ್ರಿ ಎಲ್ಲ ಮ್ಯಾಟ್ ಎತ್ತಿ, ಗೋಡೆಗೆ ಒಂದು ಗೇಣು ಜಾಗ ಬಿಟ್ಟು ಒರಗಿಸುತ್ತೇವೆ. ವಾರಕ್ಕೆರಡು ಸಲ ಕ್ರಿಮಿನಾಶಕ ಹಾಕಿ ಒರೆಸುತ್ತೇವೆ. ಒಬ್ಬ ಮಗುವಿಗೆ ಹುಳುಕಡ್ಡಿ ಬಂದರೆ ಹದಿನೈದು ದಿನದಲ್ಲಿ ಹತ್ತು ಮಕ್ಕಳಿಗೆ ಬರುತ್ತದೆ. ಈ ಆಟದಲ್ಲಿ ಮೈಗೆ ಮೈ ತಾಗದೆ ಏನೂ ಇಲ್ಲ. ಉಗುರು ನೋಡದೆ ನಾನು ಯಾರನ್ನೂ ಒಳಗೆ ಬಿಡುವುದಿಲ್ಲ. ಜೂಡೋ ಡ್ರೆಸ್ ಹರಿದರೆ ಹೊಲಿದುಕೊಡುತ್ತೇನೆ. ಅದರ ಬಟ್ಟೆ ಅಕ್ಕಿಕಾಳು ಜೋಡಿಸಿದಂಥ ದಪ್ಪ ನೇಯ್ಗೆ, ಕಾಲರ್ ಅಂತೂ ಬೆರಳು ದಪ್ಪ. 18ನೇ ನಂಬರ್ ಸೂಜಿಯೂ ಎಷ್ಟೋ ಸಲ ಮುರಿದಿದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ನಮ್ಮ ಕ್ಲಬ್ಬಿನ ಮಾನ್ಯತೆಗೆ ನಾವು ಕೊಟ್ಟ ಅರ್ಜಿಯಲ್ಲಿ ಇದರ ಬಗ್ಗೆ ಒಂದೇ ಒಂದು ಪ್ರಶ್ನೆ ಇರಲಿಲ್ಲ.

ಅರ್ಜಿ ಹನ್ನೊಂದು ಪುಟ. ನೋಂದಣಿ ಪತ್ರ, ಬೈಲಾ, ಮೂರು ವರ್ಷದ ಆಡಿಟ್ ವರದಿ, ಪದಾಧಿಕಾರಿಗಳ ಆಧಾರ್. ಇದರಲ್ಲಿ ತಪ್ಪೇನೂ ಇಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಜನ ಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ನಮ್ಮ ಏಳು ಜನ ಅಂದರೆ ನಾನು, ನಮ್ಮ ಯಜಮಾನರು, ನಾದಿನಿ, ಆಟೋ ಓಡಿಸುವ ಒಬ್ಬ ಅಪ್ಪ, ಇಬ್ಬರು ಅಮ್ಮಂದಿರು, ಪಕ್ಕದ ಬೇಕರಿಯವರು. ಬೇಕರಿಯವರೇ ಖಜಾಂಚಿ. ಜೂಡೋಗೂ ಕರಾಟೆಗೂ ಏನು ವ್ಯತ್ಯಾಸ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಲೆಕ್ಕ ಮಾತ್ರ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ.

ಕೊನೆಯಲ್ಲಿ ಅಭ್ಯಾಸದ ಜಾಗದ ಜಿಪಿಎಸ್ ಫೋಟೊ ಕೇಳಿದ್ದರು. ತೆಗೆದು ಕಳಿಸಿದೆವು. ಯಾಕೋ ಏನೋ, ಫೋಟೊ ಮೇಲೆ ಪಕ್ಕದ ರಸ್ತೆ ಹೆಸರು ಬಂದಿತ್ತು. ವಿಳಾಸ ತಾಳೆಯಾಗುತ್ತಿಲ್ಲ ಎಂದು ಇಡೀ ಫೈಲ್ ವಾಪಸ್. ಎರಡು ತಿಂಗಳು ಹೋಯಿತು. ಬಸ್ ಹತ್ತಿ ಬಂದು ನೋಡಿದ್ದರೆ ಅರ್ಧ ಗಂಟೆಯ ಕೆಲಸ.

ಮಾನ್ಯತೆಯೇ ಬೇಡ ಅನ್ನುವವಳು ನಾನಲ್ಲ. ಬೇಕೇ ಬೇಕು. ಹೊಸ ಮಗುವಿಗೆ ಮೊದಲ ತಿಂಗಳು ನಾನು ಹೇಳಿಕೊಡುವುದು ಒಂದೇ ಪಾಠ, ಬೀಳುವುದು. ಉಕೆಮಿ ಅನ್ನುತ್ತೇವೆ. ಗಲ್ಲ ಎದೆಗೆ ಒತ್ತಿರಬೇಕು, ತಲೆ ನೆಲಕ್ಕೆ ತಾಗಬಾರದು, ತೋಳು ಚಾಚಿ ಮ್ಯಾಟಿಗೆ ಪಟ್ ಅಂತ ಹೊಡೆಯಬೇಕು. ಅಪ್ಪ ಅಮ್ಮಂದಿರಿಗೆ ಇದು ಬೇಜಾರು. ಬೀಳಿಸೋದು ಕಲೀಲಿ ಅಂತ ಕಳಿಸಿದರೆ ಬೀಳೋದು ಕಲಿಸ್ತೀರಲ್ಲ ಮೇಡಂ ಅಂತಾರೆ.

ಆದರೆ ಇದು ತಮಾಷೆಯ ವಿಷಯ ಅಲ್ಲ. ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್‌ನ ಆರು ವಾರದ ಕೋಚಿಂಗ್ ಕೋರ್ಸಿಗೆ ಹೋಗಿದ್ದಾಗ ನಮ್ಮ ಮೇಷ್ಟ್ರು ಹೇಳಿದ ಮಾತು ಇನ್ನೂ ಮನಸ್ಸಿನಲ್ಲಿದೆ. ಜೂಡೋ ಹುಟ್ಟಿದ ಜಪಾನಿನ ಶಾಲೆಗಳಲ್ಲೇ 1983ರಿಂದ 2011ರವರೆಗೆ ನೂರಕ್ಕೂ ಜಾಸ್ತಿ ಮಕ್ಕಳು ಜೂಡೋ ಕಲಿಯುವಾಗ ಸತ್ತಿದ್ದಾರೆ. ಬಹಳಷ್ಟು ಮಕ್ಕಳಿಗೆ ತಲೆಗೇ ಪೆಟ್ಟು. ಅದರಲ್ಲೂ ಆಗತಾನೆ ಸೇರಿದವರು, ಬೀಳುವುದು ಇನ್ನೂ ಸರಿಯಾಗಿ ಬಾರದವರು ಜಾಸ್ತಿ. ಫ್ರಾನ್ಸಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಜೂಡೋ ಮಾಡುತ್ತಾರೆ. ಅಲ್ಲಿ 1955ರಲ್ಲೇ ಕಾನೂನು ಬಂತು. ಜೂಡೋ ಹೇಳಿಕೊಡಬೇಕಾದರೆ ಸರ್ಕಾರದ ಡಿಪ್ಲೊಮಾ ಇರಬೇಕು. ಜೂಡೋ ಹಾಲ್ ತೆರೆಯುವುದಕ್ಕೂ ನಿಯಮ. ಅಂದರೆ ಅವರು ನೋಡಿದ್ದು ಹೇಳಿಕೊಡುವವರನ್ನು ಮತ್ತು ಜಾಗವನ್ನು. ಇಲ್ಲಿ ನಮ್ಮನ್ನು ಕೇಳಿದ್ದು ಕಾರ್ಯದರ್ಶಿ ಯಾರು ಅಂತ.

ನಮ್ಮ ಕಡೆಯೂ ಆರು ತಿಂಗಳಿಗೊಂದು ಬಣ್ಣದ ಬೆಲ್ಟ್ ಮಾರುವವರು ಇದ್ದಾರೆ. ಸಿಮೆಂಟ್ ನೆಲದ ಮೇಲೆ ತೆಳು ಯೋಗ ಮ್ಯಾಟ್ ಹಾಸಿ ಮಕ್ಕಳನ್ನು ಎತ್ತಿ ಹಾಕಿಸುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವರ ಕಾಗದ ಪತ್ರ ಎಲ್ಲ ಸರಿಯಾಗಿದೆ, ನನಗಿಂತ ಚೆನ್ನಾಗಿದೆ.

ಕೆಲವು ಸಲ ಅನ್ನಿಸುತ್ತದೆ, ಕಾನೊ ಜಿಗೊರೊ ಅವರು ಈಗ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು ಅಂತ. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಸ್ಥಾನದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಅವರು ಜೂಡೋ ಶುರು ಮಾಡಿದರು. ಶಿಷ್ಯರು ಹತ್ತು ಜನವೂ ಇರಲಿಲ್ಲ. ಜಿಲ್ಲಾ ಸಂಸ್ಥೆಯ ಪತ್ರ ತನ್ನಿ ಅಂತ ವಾಪಸ್ ಕಳಿಸುತ್ತಿದ್ದರು.

ಆ ಪತ್ರದ ಕಥೆಯೂ ಇದೆ. ಕ್ಲಬ್ಬಿಗೆ ಮಾನ್ಯತೆ ಬೇಕಾದರೆ ಜಿಲ್ಲಾ ಸಂಸ್ಥೆಯ ಶಿಫಾರಸು ಬೇಕು. ಜಿಲ್ಲಾ ಸಂಸ್ಥೆ ಅಂತ ಹೇಳಿಕೊಳ್ಳುವವರನ್ನು ಕೇಳಿದರೆ, ನಮಗೇ ಮೇಲಿನವರ ಪತ್ರ ಬಂದಿಲ್ಲ ಅಂದರು. ಮೇಲಿನವರನ್ನು ಕೇಳಿದರೆ, ಒಂದು ಜಿಲ್ಲೆಗೆ ಒಂದೇ ಸಂಸ್ಥೆ, ನಿಮ್ಮಲ್ಲಿ ಈಗಾಗಲೇ ಒಂದಿದೆ ಅಂದರು. ಯಾವುದು ಅಂತ ಕೇಳಿದೆ. ಬರೆದು ಕಳಿಸಿ, ತಿಳಿಸುತ್ತೇವೆ ಅಂದರು. ಬರೆದೆ. ರಿಜಿಸ್ಟರ್ಡ್ ಪೋಸ್ಟಿನ ಮೂರು ಚೀಟಿ ನನ್ನ ಹತ್ತಿರ ಇದೆ. ಉತ್ತರ ಒಂದೂ ಇಲ್ಲ.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ರಾಜ್ಯ ಮಟ್ಟದ ಟೂರ್ನಮೆಂಟ್ ಇದೆ, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ಫೋನ್ ಬಂತು. ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ಕರೆದವರು ಯಾರು, ಅವರಿಗೆ ಮಾನ್ಯತೆ ಇದೆಯಾ ಅಂತ ನಾನು ವಿಚಾರಿಸಲಿಲ್ಲ. ಕರೆಯೋಲೆಯಲ್ಲಿ ನನ್ನ ಹೆಸರಿನ ಮುಂದೆ ಜಿಲ್ಲಾ ಕೋಚ್ ಅಂತ ಹಾಕಿದ್ದರು. ಹದಿಮೂರು ವರ್ಷ ಸುಮ್ನೆ ಟೈಲರ್ ಆಂಟಿ ಅನ್ನಿಸಿಕೊಂಡವಳಿಗೆ ಅದು ಹಿತವಾಗಿತ್ತು.

ಐದು ಮಕ್ಕಳನ್ನು ಕರೆದುಕೊಂಡು ಹೋದೆ. ಒಬ್ಬಳು ಆಲ್ದೂರು ಕಡೆಯ ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆಯ) ಹುಡುಗಿ, 44 ಕೆ.ಜಿ. ವಿಭಾಗ. ಅದು ಕಾಫಿ ಕುಯ್ಲಿನ ಸಮಯ. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ. ಅಮ್ಮ ಎರಡು ದಿನದ ಕುಯ್ಲು ಬಿಟ್ಟು ಮಗಳ ಜೊತೆ ಬಂದರು. ಎಂಟ್ರಿ ಫೀ, ಬಸ್ ಚಾರ್ಜ್, ಊಟ ಎಲ್ಲ ಅವರದ್ದೇ. ಹುಡುಗಿ ಮೂರು ಪಂದ್ಯ ಗೆದ್ದಳು. ಎರಡು ಇಪ್ಪೋನ್, ಅಂದರೆ ಪೂರ್ತಿ ಅಂಕದ ಎಸೆತ. ಫೈನಲಿನಲ್ಲಿ ಸಮಯ ಮುಗಿದು ಗೋಲ್ಡನ್ ಸ್ಕೋರಿಗೆ, ಅಂದರೆ ಮೊದಲು ಅಂಕ ಗಳಿಸಿದವರು ಗೆಲ್ಲುವ ಹೆಚ್ಚುವರಿ ಆಟಕ್ಕೆ ಹೋಗಿ ಸೋತಳು. ಬೆಳ್ಳಿ. ಬರುವಾಗ ಬಸ್ಸಿನಲ್ಲಿ ಅಮ್ಮನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಳು, ಮೆಡಲ್ ಕೊರಳಲ್ಲೇ ಇತ್ತು.

ಜೂನಿನಲ್ಲಿ ಹಾಸ್ಟೆಲ್ ಇರುವ ಒಂದು ಕಾಲೇಜಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಿದರು. ಸರ್ಟಿಫಿಕೇಟ್ ನೋಡಿದವರು, ಈ ಸಂಸ್ಥೆ ನಮ್ಮ ಪಟ್ಟಿಯಲ್ಲಿಲ್ಲ ಅಂದರು. ಅಷ್ಟೇ. ಅವರದ್ದೂ ತಪ್ಪಲ್ಲ, ಇಲ್ಲದ್ದನ್ನು ಇದೆ ಅನ್ನೋಕಾಗುತ್ತಾ. ತಾಯಿ ಮಗಳು ಮಳೆಯಲ್ಲಿ ನೆನೆದುಕೊಂಡು ನನ್ನ ಅಂಗಡಿಗೆ ಬಂದರು. ಸರ್ಟಿಫಿಕೇಟ್ ಮಾತ್ರ ಎರಡು ಪ್ಲಾಸ್ಟಿಕ್ ಕವರಿನೊಳಗೆ ಒಣಗೇ ಇತ್ತು. ಅಮ್ಮ ಏನೂ ಮಾತಾಡಲಿಲ್ಲ. ಹುಡುಗಿ ಕೇಳಿದಳು, ‘ಮಿಸ್, ಹಂಗಾದ್ರೆ ಮೆಡಲೂ ಸುಳ್ಳಾ?’

ನನಗೆ ಉತ್ತರ ಹೊಳೆಯಲಿಲ್ಲ. ಕೈಯಲ್ಲಿದ್ದ ಬ್ಲೌಸಿಗೆ ಹುಕ್ ಹಾಕುತ್ತಾ ಕೂತೆ.

ದೊಡ್ಡವರ ಜಗಳ ದೊಡ್ಡ ಮಟ್ಟದಲ್ಲೇ ಇದೆ ಅನ್ನುವುದು ನನಗೂ ಗೊತ್ತು. ರಾಷ್ಟ್ರೀಯ ಜೂಡೋ ಫೆಡರೇಷನ್ನಿನ ವಿಚಾರವೇ ಕೋರ್ಟಿಗೆ ಹೋಗಿ, 2022ರಲ್ಲಿ ದೆಹಲಿ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಆಡಳಿತಾಧಿಕಾರಿಯಾಗಿ ಕೂರಿಸಿತು. ಅದೇ ವರ್ಷ ಮಣಿಪುರದ ಲಿಂಥೋಯ್ ಚಾನಂಬಮ್ ಸರಾಯೆವೊದಲ್ಲಿ ಕೆಡೆಟ್ (18 ವರ್ಷದೊಳಗಿನವರ) ವಿಶ್ವ ಚಾಂಪಿಯನ್ ಆದಳು, 57 ಕೆ.ಜಿ.ಯಲ್ಲಿ. ಜೂಡೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಅಲ್ಲಿಯವರೆಗೆ ಒಂದು ಪದಕವೂ ಇರಲಿಲ್ಲ. ಅವಳ ಫೋಟೊ ಪೇಪರಿನಿಂದ ಕತ್ತರಿಸಿ ನಮ್ಮ ಹಾಲಿನ ಗೋಡೆಗೆ ಅಂಟಿಸಿದ್ದೇವೆ. ಬೂಷ್ಟು ಹಿಡಿದಿದೆ, ಆದರೂ ತೆಗೆದಿಲ್ಲ. 2024ರಲ್ಲಿ ಕಪಿಲ್ ಪರ್ಮಾರ್ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಕಂಚು ಗೆದ್ದಾಗ ಬೇಕರಿಯವರು ಎಲ್ಲ ಮಕ್ಕಳಿಗೂ ಖಾರ ಬನ್ ಕೊಟ್ಟರು. ಆಡುವವರು ಆಡುತ್ತಲೇ ಇದ್ದಾರೆ. ಕುರ್ಚಿಯ ಜಗಳಕ್ಕೆ ಮಕ್ಕಳ ಸರ್ಟಿಫಿಕೇಟು ಬಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿತು. ಅದರಲ್ಲಿ ರಾಷ್ಟ್ರೀಯ ಕ್ರೀಡಾ ಮಂಡಳಿ ಇದೆ. ರಾಷ್ಟ್ರೀಯ ಸಂಸ್ಥೆಗಳಿಗೆ ಮಾನ್ಯತೆ ಕೊಡುವುದು, ಅವುಗಳ ಕೆಳಗಿನ ಘಟಕಗಳನ್ನು ನೋಂದಾಯಿಸುವುದು ಅದರ ಕೆಲಸ. ಜಗಳ ಬಿಡಿಸಲು ಕ್ರೀಡಾ ನ್ಯಾಯಮಂಡಳಿಯೂ ಇದೆ. ಓದಿ ಖುಷಿಯಾಯಿತು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತೂ ನೆನಪಾಯಿತು. ಲೈನ್ ಮನೆಯ ತಾಯಿ ನ್ಯಾಯಮಂಡಳಿಗೆ ಹೋಗುತ್ತಾಳಾ?

ನಾನು ಕೇಳುವುದು ಅಷ್ಟು ದೊಡ್ಡದಲ್ಲ. ಈ ವರ್ಷ ಯಾವ ಸಂಸ್ಥೆಗೆ ಮಾನ್ಯತೆ ಇದೆ, ಯಾವ ಟೂರ್ನಮೆಂಟಿನ ಸರ್ಟಿಫಿಕೇಟ್ ಕೋಟಾಕ್ಕೆ ನಡೆಯುತ್ತದೆ ಅನ್ನುವ ಪಟ್ಟಿಯನ್ನು ಎಂಟ್ರಿ ಫೀ ಕಟ್ಟಿಸಿಕೊಳ್ಳುವುದಕ್ಕೆ ಮುಂಚೆ ಜಿಲ್ಲಾ ಕ್ರೀಡಾಂಗಣದ ನೋಟಿಸ್ ಬೋರ್ಡಿಗೆ ಹಾಕಲಿ. ಕನ್ನಡದಲ್ಲಿ ಹಾಕಲಿ. ಒಂದು ಹಾಳೆ ಸಾಕು. ನೀವೂ ಅದನ್ನು ಪತ್ರಿಕೆಯಲ್ಲಿ ಹಾಕಿದರೆ ತೋಟದ ಮನೆಗೂ ತಲುಪುತ್ತದೆ. ಗೊತ್ತಿಲ್ಲದೆ ಆಡಿ ಗೆದ್ದ ಮಕ್ಕಳಿಗೆ ಒಂದು ಸಲ ಟ್ರಯಲ್ಸ್ ಇಟ್ಟು ನೋಡಲಿ. ನಮ್ಮ ಹುಡುಗಿ ಸರ್ಟಿಫಿಕೇಟ್ ಕೇಳುತ್ತಿಲ್ಲ, ಮ್ಯಾಟ್ ಮೇಲೆ ಬಂದು ತೋರಿಸುತ್ತೇನೆ ಅನ್ನುತ್ತಾಳೆ. ಈಗ ಊರಿನ ಕಾಲೇಜಿಗೇ ಸೇರಿದ್ದಾಳೆ. ಬುಧವಾರ ಮಾತ್ರ ಬರಲು ಆಗುತ್ತದೆ, ಮಿಕ್ಕ ದಿನ ಬಸ್ಸಿನ ಟೈಮು ಸರಿಹೊಂದುವುದಿಲ್ಲ.

ಇನ್ನು ನಮ್ಮ ಅರ್ಜಿಯ ವಿಷಯ. ಫೋಟೊ ಸರಿ ಮಾಡಿ ಮತ್ತೆ ಕಳಿಸಿದ್ದೇವೆ. ಯಾರಾದರೂ ಒಬ್ಬರು, ಜೂಡೋ ಬಲ್ಲವರು, ಬಂದು ನೋಡಲಿ. ಮ್ಯಾಟ್ ಎಷ್ಟು ದಪ್ಪ ಇದೆ ಅಂತ ಅಳೆಯಲಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆಯಲಿ. ಆರು ವರ್ಷದ ಮಗುವನ್ನು ಕರೆದು ಹಿಂದಕ್ಕೆ ಬೀಳು ಅಂತ ಹೇಳಲಿ. ಹೆಣ್ಣುಮಕ್ಕಳನ್ನು ಪಕ್ಕಕ್ಕೆ ಕರೆದು, ಇಲ್ಲಿ ನಿಮಗೆ ಏನಾದರೂ ಮುಜುಗರ ಇದೆಯಾ ಅಂತ ನಾನಿಲ್ಲದಾಗ ಕೇಳಲಿ. ಸರಿ ಇಲ್ಲ ಅನ್ನಿಸಿದರೆ ಬೀಗ ಹಾಕಿ ಅನ್ನಲಿ, ಹಾಕುತ್ತೇನೆ. ನೋಡದೆ ವಾಪಸ್ ಕಳಿಸಿದರೆ ಮಾತ್ರ ಹೊಟ್ಟೆ ಉರಿಯುತ್ತದೆ.

ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐದೂವರೆಗೆ ಬಾಗಿಲು ತೆಗೆದಿರುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಮಳೆಗಾಲದಲ್ಲಿ ಬಂದರೆ ಇನ್ನೂ ಒಳ್ಳೆಯದು, ಮ್ಯಾಟ್ ಎತ್ತಿ ಒರಗಿಸಲು ಒಂದು ಕೈ ಜಾಸ್ತಿ ಸಿಗುತ್ತದೆ.

ನನ್ನ ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ. ಫೈಲ್ ಇನ್ನೂ ಅವರ ಮೇಜಿನ ಮೇಲಿದೆ.

ಜೂಡೋ ಹೇಳಿಕೊಡುವ ಒಬ್ಬ ಟೈಲರ್,
ಚಿಕ್ಕಮಗಳೂರು